ಭಾವನವರ ಕೋವಿಯೂ ಧನುರ್ಮಾಸದ ಚಳಿಯೂ

ನನ್ನ ಭಾವನವರು ಬ್ಯಾಂಕಿನ ಕೆಲಸದಿಂದ ನಿವೃತ್ತರಾದಾಗ ಬಂಧುಗಳೆಲ್ಲ ಗೀತೆಯ ತರಗತಿಗೋ ಲಾಲ್‌ಬಾಗಿನ ವಾಕಿಂಗಿಗೋ ಸೇರಿಕೊಳ್ಳುವಂತೆ ಸಲಹೆ ಕೊಟ್ಟಿದ್ದರು. ಅವರು ಎರಡನ್ನೂ ಬಿಟ್ಟು, ಅಜ್ಜನ ಕಾಲದಿಂದ ಪರವಾನಗಿಯ ಸಮೇತ ಮನೆಯಲ್ಲೇ ಉಳಿದುಬಂದಿದ್ದ, ನಳಿಗೆಯ ಬಾಯಿಂದಲೇ ಮದ್ದುಗುಂಡು ತುಂಬಬೇಕಾದ ಹಳೆಯ ರೈಫಲ್ಲನ್ನು ಹೊರತೆಗೆದು, ಊರಾಚೆಯ ಶೂಟಿಂಗ್ ರೇಂಜೊಂದರಲ್ಲಿ ಗುರಿ ಹೊಡೆಯುವ ಅಭ್ಯಾಸಕ್ಕೆ ನಿಂತರು. ಮಲೆನಾಡಿನ ಕಡೆ ತೋಟಕ್ಕೆ ನುಗ್ಗುವ ಹಂದಿಯನ್ನು ಓಡಿಸಲು ಇಟ್ಟುಕೊಳ್ಳುವ ಕೇಪಿನ ಕೋವಿಗೂ ಇದಕ್ಕೂ ತುಂಬುವ ಕ್ರಮದಲ್ಲಿ ಹೆಚ್ಚಿನ ಭೇದವಿಲ್ಲ. ಆದರೆ ಆ ಕೋವಿಯ ನಳಿಗೆ ಒಳಗೆಲ್ಲ ನುಣುಪು. ರೈಫಲ್ಲಿನ ಒಳಗೆ ಸುರುಳಿ ಸುರುಳಿಯಾಗಿ ಗೀರುಗಳಿದ್ದು, ಅವು ಗುಂಡನ್ನು ಗಿರ್ರನೆ ತಿರುಗಿಸಿ ಕಳಿಸುವುದರಿಂದ ಅದು ದಾರಿ ತಪ್ಪದೆ ನೇರವಾಗಿ ಹೋಗುತ್ತದೆ ಎಂದು ಭಾವ ವಿವರಿಸುತ್ತಾರೆ. ಗುಂಡು ನೇರವಾಗಿ ಹೋಗುತ್ತದೆಂಬುದರಲ್ಲಿ ನನಗೆ ತಕರಾರಿಲ್ಲ. ಅದು ಹೊರಡುವುದಕ್ಕೆ ಮುಂಚೆ ಮತ್ತು ಹೋದ ಮೇಲೆ ನಡೆಯುವ ಸಂಗತಿಗಳ ಬಗ್ಗೆ ಮಾತ್ರ ನಾಲ್ಕು ಮಾತು ಹೇಳುವುದಿದೆ.

ಮೊದಲ ತೊಂದರೆ ಬೀದಿಯಲ್ಲೇ ಶುರುವಾಗುತ್ತದೆ. ನಾಲ್ಕು ಅಡಿಗೂ ಮೀರಿದ ಈ ವಸ್ತುವನ್ನು ಕ್ಯಾನ್ವಾಸ್ ಚೀಲದಲ್ಲಿ ಹಾಕಿಕೊಂಡು ಧನುರ್ಮಾಸದ ನಸುಕಿನಲ್ಲಿ ತ್ಯಾಗರಾಜನಗರದ ಮನೆಯಿಂದ ಹೊರಬಿದ್ದರೆ, ದೇವಸ್ಥಾನದ ಹುಗ್ಗಿ ಪ್ರಸಾದಕ್ಕೆಂದು ಡಬ್ಬಿ ಹಿಡಿದು ಹೊರಟ ಎದುರುಮನೆಯ ಹಿರಿಯರು, “ತಂಬೂರಿ ತಗೊಂಡು ಹೊರಟ್ರಾ? ಇವತ್ತು ಯಾವ ದೇವಸ್ಥಾನದಲ್ಲಿ ಭಜನೆ?” ಎಂದು ವಿಚಾರಿಸುತ್ತಾರೆ. ಭಾವ ಸುಳ್ಳು ಹೇಳುವವರಲ್ಲ. ಆದರೆ ನಿಜ ಹೇಳಿದರೆ ಅರ್ಧ ಗಂಟೆ ಅಲ್ಲೇ ಕಳೆಯುತ್ತದೆಂದು ತಿಳಿದಿರುವುದರಿಂದ, “ಸ್ವಲ್ಪ ದೂರ” ಎಂದಷ್ಟೇ ಹೇಳಿ ಕಾರು ಹತ್ತುತ್ತಾರೆ. ಈ ಸಂಕ್ಷಿಪ್ತ ಉತ್ತರದಲ್ಲಿ ಅಪಾರ ವಿನಯವನ್ನು ಕಂಡ ಆ ಹಿರಿಯರು ಭಾವನವರ ಸಂಗೀತ ಸಾಧನೆಯನ್ನು ಬೀದಿಯುದ್ದಕ್ಕೂ ಹೊಗಳಿದ ಪರಿಣಾಮವಾಗಿ, ರಾಮನವಮಿ ಸಮಿತಿಯವರು ಈಗಾಗಲೇ ಒಮ್ಮೆ ಬಂದು ತಾರೀಖು ಕೇಳಿಕೊಂಡು ಹೋಗಿದ್ದಾರೆ.

ಚಳಿಯೆಂದರೆ ಎಂಥ ಚಳಿ ಎಂದು ಉತ್ತರದ ಕಡೆಯವರು ನಗಬಹುದು. ಬೆಂಗಳೂರಿನ ತಾಪಮಾನ ಇದುವರೆಗೆ ಅತಿ ಕೆಳಗೆ ಇಳಿದದ್ದು 1884ರ ಜನವರಿ 13ರಂದು, ಅದೂ 7.8 ಡಿಗ್ರಿಗೆ. ಈಗಿನ ಮಾಗಿಯಲ್ಲಿ ನಸುಕಿನ ಹೊತ್ತಿಗೆ ಹದಿನೈದು ಹದಿನಾರು ಡಿಗ್ರಿ ಇದ್ದರೆ ಅದೇ ದೊಡ್ಡದು. ಆದರೂ ಭಾವನವರ ತಾಯಿ ಆ 1884ರ ಬೆಳಗನ್ನು ಕಣ್ಣಾರೆ ಕಂಡವರಷ್ಟೇ ಕಳಕಳಿಯಿಂದ ಮಗನ ತಲೆಗೆ ಮಂಕಿ ಕ್ಯಾಪನ್ನು ಎಳೆದು, ಬಾಯಿ ಮುಚ್ಚುವವರೆಗೂ ಇಳಿಸಿ, ಮೇಲೊಂದು ಮಫ್ಲರ್ ಸುತ್ತಿ ಕಳಿಸುತ್ತಾರೆ. ಇದರಿಂದ ಬಿಟ್ಟ ಉಸಿರಿಗೆ ಮೇಲ್ಗಡೆಯ ದಾರಿಯೊಂದೇ ಉಳಿದು ಕನ್ನಡಕದ ಗಾಜು ಮಂಜಾಗುತ್ತದೆ. ಭಾವ ಕೋವಿಯನ್ನು ಭುಜಕ್ಕಿಟ್ಟು, ಉಸಿರು ಬಿಗಿಹಿಡಿದು, ಗಾಜು ತಿಳಿಯಾಗುವವರೆಗೆ ಕಾಯುತ್ತಾರೆ. ಗಾಜು ತಿಳಿಯಾಗುವ ಹೊತ್ತಿಗೆ ಉಸಿರು ಮುಗಿದಿರುತ್ತದೆ. ಉಸಿರು ಬಿಟ್ಟೊಡನೆ ಗಾಜು ಮತ್ತೆ ಮಂಜಾಗುತ್ತದೆ.

ಇನ್ನು ಎಣ್ಣೆಯ ಸಮಾಚಾರ. ಈ ಜಾತಿಯ ರೈಫಲ್ಲಿಗೆ ಸೀಸದ ಉರುಟು ಗುಂಡನ್ನು ಹಾಗೇ ಹಾಕುವಂತಿಲ್ಲ. ಜಿಡ್ಡು ಸವರಿದ ಪುಟ್ಟ ಹತ್ತಿಬಟ್ಟೆಯ ತುಂಡನ್ನು ನಳಿಗೆಯ ಬಾಯಿಗಿಟ್ಟು, ಅದರ ಮೇಲೆ ಗುಂಡನ್ನು ಕೂರಿಸಿ, ಗಜದ ಕಡ್ಡಿಯಿಂದ ಮದ್ದಿನ ಮೇಲೆ ಕೂರುವವರೆಗೂ ನೂಕಬೇಕು. ಯಾವ ಜಿಡ್ಡು ಎಂಬ ಪ್ರಶ್ನೆ ಚರಿತ್ರೆಯಲ್ಲಿ ಸಣ್ಣದಲ್ಲ. 1857ರಲ್ಲಿ ಸಿಪಾಯಿಗಳನ್ನು ಕೆರಳಿಸಿದ ಎನ್‌ಫೀಲ್ಡ್ ರೈಫಲ್ ಕೂಡ ಬಾಯಿಂದ ತುಂಬುವಂಥದೇ, ಅದರ ತೋಟಾಗಳಿಗೆ ದನದ ಮತ್ತು ಹಂದಿಯ ಕೊಬ್ಬು ಸವರಿದ್ದಾರೆಂಬ ಸುದ್ದಿಯೇ ಅಲ್ಲಿ ಕಿಡಿ ಹೊತ್ತಿಸಿದ್ದು. ಈ ಚರಿತ್ರೆಯನ್ನು ಬಲ್ಲ ನಮ್ಮಕ್ಕ ಮೊದಲ ದಿನವೇ, ಮನೆಯಲ್ಲಿ ಶುದ್ಧ ಕೊಬ್ಬರಿ ಎಣ್ಣೆಯ ಹೊರತು ಬೇರೇನೂ ನಡೆಯದೆಂದು ತೀರ್ಪು ಕೊಟ್ಟಳು. ತೀರ್ಪು ಧರ್ಮಸಮ್ಮತವಾಗಿತ್ತು. ಆದರೆ ಕೊಬ್ಬರಿ ಎಣ್ಣೆ ಇಪ್ಪತ್ತನಾಲ್ಕು ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗುವ ಪದಾರ್ಥ. ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಪ್ರತಿ ಬಚ್ಚಲುಮನೆಯಲ್ಲೂ ಎಣ್ಣೆ ಬಾಟಲಿಗೆ ಪಿನ್ನು ಹಾಕಿ ಕೆದಕುವ ದೃಶ್ಯವನ್ನು ನಾವೆಲ್ಲ ಕಂಡವರೇ. ರೇಂಜಿನಲ್ಲಿ ಭಾವ ಡಬ್ಬಿ ತೆರೆದಾಗ ಬಟ್ಟೆಯ ತುಂಡುಗಳೆಲ್ಲ ಒಂದಕ್ಕೊಂದು ಅಂಟಿ ಬಿಳಿಯ ಬಿಲ್ಲೆಯಾಗಿರುತ್ತವೆ. ಅವನ್ನು ಸಡಿಲಿಸಲು ಡಬ್ಬಿಯನ್ನು ಕಾರಿನ ಬಾನೆಟ್ಟಿನ ಮೇಲಿಟ್ಟು ಬಿಸಿಲಿಗೆ ಕಾಯುತ್ತಾ ಕೂರುವುದೇ ಬೆಳಗಿನ ಮೊದಲ ಅಧ್ಯಾಯ.

ತುಂಬುವ ಕೆಲಸವೆಂದರೆ ಸಂಧ್ಯಾವಂದನೆ ಇದ್ದಂತೆ: ಕ್ರಮ ತಪ್ಪಬಾರದು, ನಡುವೆ ಯಾರೂ ಮಾತಾಡಿಸಬಾರದು, ಮಾತಾಡಿಸಿದರೆ ಎಲ್ಲಿಗೆ ನಿಲ್ಲಿಸಿದ್ದೆವೆಂಬುದು ಮರೆತುಹೋಗುತ್ತದೆ. ಮೊದಲು ಅಳತೆಯ ಮದ್ದು, ಆಮೇಲೆ ಬಟ್ಟೆ ಮತ್ತು ಗುಂಡು, ಕೊನೆಗೆ ಕುದುರೆಯ, ಅಂದರೆ ಟ್ರಿಗರ್ ಎಳೆದಾಗ ಬಡಿಯುವ ಸುತ್ತಿಗೆಯ, ಕೆಳಗೆ ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಕೇಪು. ಆದರೆ ಬೆಂಗಳೂರಿನಲ್ಲಿ ಒಬ್ಬ ಮನುಷ್ಯ ಗಂಭೀರವಾಗಿ ಏನನ್ನಾದರೂ ಮಾಡುತ್ತಿದ್ದರೆ ಪಕ್ಕದಲ್ಲಿ ನಿಂತು ವಿಚಾರಿಸುವ ಹಕ್ಕು ಎಲ್ಲರಿಗೂ ಇದೆ. ಒಂದು ಬೆಳಗ್ಗೆ ಭಾವ ಮದ್ದಿನ ಅಳತೆಗೆ ಕೈಹಾಕುವ ಹೊತ್ತಿಗೆ ಸರಿಯಾಗಿ ಪಕ್ಕದ ಸಾಲಿನ ಮಹಾಶಯರೊಬ್ಬರು ಬಂದು, ಮಂಕಿ ಕ್ಯಾಪಿನ ಮೇಲೆ ಕಿವಿಮುಚ್ಚುಗ ಹಾಕಿಕೊಂಡಿದ್ದ ಇವರಿಗೆ ಕೇಳಿಸಲೆಂದು, “ಸಾರ್, ವಾಪಸ್ ಹೋಗ್ತಾ ತಿಂಡಿ ಎಲ್ಲಿ?” ಎಂದು ಕೂಗಿದರು. ತಿಂಡಿಯ ಪ್ರಶ್ನೆಗೆ ಉತ್ತರಿಸದೆ ಬಿಡುವುದು ಭಾವನವರ ಸಂಸ್ಕಾರದಲ್ಲಿಲ್ಲ. ಅವರೆಕಾಳಿನ ಉಪ್ಪಿಟ್ಟು ಎಲ್ಲಿ ಹದವಾಗಿ ಸಿಗುತ್ತದೆ, ಎಲ್ಲಿ ಸೊಗಡಿಲ್ಲದ ಕಾಳು ಹಾಕಿ ಮೋಸ ಮಾಡುತ್ತಾರೆ ಎಂಬ ಚರ್ಚೆ ಮುಗಿದ ಮೇಲೆ ಅವರು ಬಟ್ಟೆಯಿಟ್ಟರು, ಗುಂಡು ಕೂರಿಸಿದರು, ಗಜದಿಂದ ಚೊಕ್ಕವಾಗಿ ನೂಕಿದರು, ಕೇಪು ಸಿಕ್ಕಿಸಿ ಗುರಿಹಿಡಿದು ಟ್ರಿಗರ್ ಎಳೆದರು. “ಟಪ್” ಎಂದಿತು. ಅಷ್ಟೇ.

ಹೀಗಾದಾಗ ಮದ್ದು ತಡವಾಗಿ ಹೊತ್ತಿಕೊಳ್ಳುವ ಸಂಭವವಿರುವುದರಿಂದ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಒಂದು ನಿಮಿಷ ಅಲುಗದೆ ನಿಲ್ಲಬೇಕೆಂಬುದು ನಿಯಮ, ಮತ್ತು ಇದು ತಮಾಷೆಯ ನಿಯಮವಲ್ಲ. ಭಾವ ನಿಂತರು. ಉಣ್ಣೆಯ ಟೋಪಿಯೊಳಗೆ ಅವರ ಮೂಗು ತುರಿಸುತ್ತಿರುವುದು ಹಿಂದೆ ಕುಳಿತ ನನಗೂ ಕಾಣುತ್ತಿತ್ತು. ನಿಮಿಷ ಕಳೆಯಿತು. ಇನ್ನೊಂದು ಕೇಪು ಹಾಕಿದರು. ಮತ್ತೆ “ಟಪ್”. ಮತ್ತೊಂದು ನಿಮಿಷ. ಆಗ ರೇಂಜಿನ ಮೇಲ್ವಿಚಾರಕರು ಗಜವನ್ನು ನಳಿಗೆಗೆ ಇಳಿಸಿ, ಅದರ ಮೇಲಿನ ಗುರುತು ಇರಬೇಕಾದ್ದಕ್ಕಿಂತ ಕೆಳಗಿರುವುದನ್ನು ಬೆರಳಿಟ್ಟು ತೋರಿಸಿ, “ಒಳಗೆ ಗುಂಡಿದೆ ಸಾರ್. ಮದ್ದಿಲ್ಲ” ಎಂದರು. ಗಜದ ತುದಿಗೆ ತಿರುಪಿನ ಮೊನೆ ಸಿಕ್ಕಿಸಿ, ಅದನ್ನು ಸೀಸಕ್ಕೆ ಕೊರೆದು, ಗುಂಡನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಎಳೆಯಬೇಕಾಯಿತು. ತಿಂಡಿ ಕೇಳಿದ್ದ ಮಹಾಶಯರು ಕೋವಿಯ ಹಿಂಬದಿಯನ್ನು ಹಿಡಿದುಕೊಂಡರು, ಭಾವ ಗಜವನ್ನು ಎಳೆದರು. ಸುತ್ತ ನಿಂತವರು “ಎಡಕ್ಕೆ”, “ಬಲಕ್ಕೆ”, “ನಿಧಾನ” ಎಂದು ಸಲಹೆ ಕೊಟ್ಟರು. ಅವರಲ್ಲಿ ಈ ಕೋವಿಯನ್ನು ಹಿಂದೆ ನೋಡಿದ್ದವರು ಒಬ್ಬರೂ ಇರಲಿಲ್ಲ.

ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಇಂಥ ಕೋವಿಗಳಿಗೆ ಮೂವತ್ತು ನಿಮಿಷ ಕೊಟ್ಟು ಹದಿಮೂರು ಈಡು ಹೊಡೆಯಲು ಬಿಟ್ಟು, ಅದರಲ್ಲಿ ಒಳ್ಳೆಯ ಹತ್ತನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಇದನ್ನು ಭಾವ ಆಗಾಗ ಆಸೆಯಿಂದ ಹೇಳುತ್ತಾರೆ. ಎಣ್ಣೆ ಕರಗಿ, ಗಾಜು ತಿಳಿಯಾಗಿ, ತಿಂಡಿಯ ವಿಚಾರ ಇತ್ಯರ್ಥವಾಗಿ, ಅವರ ಹದಿಮೂರು ಈಡು ಮುಗಿಯುವ ಹೊತ್ತಿಗೆ ಊಟದ ಸಮಯ ಮೀರಿರುತ್ತದೆ. ಹಾರಿದ ಈಡೂ ಎಲ್ಲಿಗೆ ಬಿತ್ತೆಂದು ತಕ್ಷಣ ತಿಳಿಯುವುದಿಲ್ಲ. ಕರಿಮದ್ದು ಸುಟ್ಟಾಗ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ನುಣ್ಣನೆಯ ಘನಕಣಗಳಾಗಿ ಉಳಿಯುವುದರಿಂದ ದಟ್ಟವಾದ ಬಿಳಿ ಹೊಗೆ ಏಳುತ್ತದೆ. ಗಾಳಿಯಾಡದ ಮಾಗಿಯ ಬೆಳಗಿನಲ್ಲಿ ಅದು ಮೂಗಿನ ಮುಂದೆಯೇ ಠಿಕಾಣಿ ಹೂಡುತ್ತದೆ. ಹೊಗೆ ಚದುರುವವರೆಗೆ ಭಾವನವರ ಮಟ್ಟಿಗೆ ಪ್ರತಿ ಗುಂಡೂ ನಟ್ಟನಡುವೆ ಬಿದ್ದದ್ದೇ.

ಹೊಗೆಯಾಗಿ ಹೋಗದೆ ಉಳಿದ ಮಸಿ ನಳಿಗೆಯೊಳಗೆ ಕೂರುತ್ತದೆ. ಅದು ತೇವವನ್ನು ಹೀರಿಕೊಂಡು ಕಬ್ಬಿಣಕ್ಕೆ ತುಕ್ಕು ಹಿಡಿಸುವುದರಿಂದ ಅಂದೇ ಬಿಸಿನೀರು, ಸೋಪು ಹಾಕಿ ತೊಳೆಯದೆ ವಿಧಿಯಿಲ್ಲ. ಮದ್ದಿನಲ್ಲಿ ಪೆಟ್ಲುಪ್ಪು, ಇದ್ದಿಲುಗಳ ಜೊತೆಗೆ ಗಂಧಕವೂ ಇದೆ. ಸುಟ್ಟ ಗಂಧಕದ ಮಸಿಗೆ ನೀರು ತಗುಲಿದರೆ ಬರುವ ವಾಸನೆ ಕೊಳೆತ ಮೊಟ್ಟೆಯದು. ಭಾವ ಗೀಸರ್ ಹಾಕಿ, ಬಚ್ಚಲಲ್ಲಿ ನಳಿಗೆಗೆ ಕುದಿನೀರು ಸುರಿದ ಭಾನುವಾರ ಅವರ ತಾಯಿ ದೇವರ ಮನೆಯಿಂದ ಮೂಗಿಗೆ ಸೆರಗು ಹಿಡಿದು ಬಂದು, ಮೊದಲು ಅಡುಗೆಮನೆಯನ್ನು, ಆಮೇಲೆ ಸೊಸೆಯ ಮುಖವನ್ನು ನೋಡಿದರು.

“ಧನುರ್ಮಾಸದಲ್ಲಿ ಮೊಟ್ಟೆ ಬೇಯಿಸಿದ್ದೀಯೇನೇ?”

“ನಿಮ್ಮ ಮಗ ಕೋವಿಗೆ ಸ್ನಾನ ಮಾಡಿಸ್ತಿದಾರೆ ಅತ್ತೆ, ಅಲ್ಲಿ ಕೇಳಿ” ಎಂದಳು ಅಕ್ಕ.

ಭಾವ ಕಪ್ಪುನೀರಿನ ಬಕೆಟ್ಟಿನ ಸಮೇತ ಹಾಲಿಗೆ ಬಂದು ಗಂಧಕದ ರಸಾಯನಶಾಸ್ತ್ರವನ್ನು ವಿವರಿಸಿದರು. ಬಕೆಟ್ಟು ಹಾಲಿಗೆ ಬಂದದ್ದರಿಂದ ವಿವರಣೆ ಯಾರಿಗೂ ರುಚಿಸಲಿಲ್ಲ. ಕೋವಿಯ ಸ್ನಾನ ಇನ್ನು ಮುಂದೆ ತಾರಸಿಯಲ್ಲಿ, ಸೋಲಾರ್ ನೀರಿನಲ್ಲಿ, ಪ್ರತ್ಯೇಕ ಬಕೆಟ್ಟಿನಲ್ಲಿ ಎಂದು ಠರಾವಾಯಿತು.

ತಾರಸಿಗೆ ಹೋಗಬೇಕಾದರೆ ಮೊದಲ ಮಹಡಿಯ ಬಾಡಿಗೆದಾರರ ಬಾಗಿಲು ದಾಟಬೇಕು. ಮನೆ ಬಾಡಿಗೆಗೆ ಕೊಡುವಾಗ ಮೊಟ್ಟೆಯನ್ನೂ ತರಕೂಡದೆಂದು ಭಾವನೇ ಕರಾರಿನಲ್ಲಿ ಬರೆಸಿಕೊಂಡಿದ್ದ ಆ ಹುಡುಗರು, ಮುಂದಿನ ಸಲ ಬಕೆಟ್ಟು ಇಳಿದು ಬರುತ್ತಿದ್ದಾಗ ಮೆಟ್ಟಿಲ ಮೇಲೆ ನಿಂತು ಒಮ್ಮೆ ಮೂಗರಳಿಸಿ, ಬಹಳ ಮರ್ಯಾದೆಯಿಂದ, “ಅಂಕಲ್, ರೂಲ್ಸ್ ಏನಾದರೂ ಬದಲಾಯ್ತಾ?” ಎಂದು ಕೇಳಿದರು. ಭಾವ ಅವರಿಗೂ ಗಂಧಕದ ಪಾಠವನ್ನು ಆದ್ಯಂತವಾಗಿ ಹೇಳಿದರು. ಹುಡುಗರು ಗಮನವಿಟ್ಟು ಕೇಳಿ ತಲೆದೂಗಿದರು. ಅದರ ಮರುದಿನದಿಂದ ಮೇಲಿನ ಮನೆಯಲ್ಲಿ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿಯ ಸಮೇತ ಗಂಧಕದ ವಾಸನೆ ಬರುತ್ತಿದೆ.