ಅಟ್ಟ ಹತ್ತಿದ ಮೋಡೆಮ್

"ನಿಮ್ಮ ವೈಫೈ ಉಪಕರಣ ಹಳೆಯದಾಗಿದೆ, ಇನ್ನು ಮುಂದೆ ಸಪೋರ್ಟ್ ಇರುವುದಿಲ್ಲ" ಎಂಬ ಮೆಸೇಜು ಬಂದ ದಿನ ತೀರ್ಥಹಳ್ಳಿ ಕಡೆಯ ಮನೆಯಲ್ಲಿ ಎರಡು ಪಕ್ಷ ಹುಟ್ಟುತ್ತವೆ. "ನೆಟ್ಟು ಬರ್ತಿದ್ಯಲ್ಲ, ಅದಕ್ಕೇನು ರೋಗ ಈಗ?" ಎನ್ನುವ ಅಜ್ಜನದ್ದೊಂದು, ನಾಳೆಯೇ ಹೊಸದು ತರೋಣ ಎನ್ನುವ ಮೊಮ್ಮಗನದ್ದೊಂದು. ಇಬ್ಬರ ಮಾತೂ ಅರ್ಧ ಸರಿ. ಸಪೋರ್ಟ್ ನಿಂತ ಡಬ್ಬಿ ಆ ರಾತ್ರಿಯೇ ಪ್ರಾಣ ಬಿಡುವುದಿಲ್ಲ. ಆದರೆ ಅದರ ಫರ್ಮ್‌ವೇರಿನಲ್ಲಿ, ಅಂದರೆ ಡಬ್ಬಿಯನ್ನು ನಡೆಸುವ ಒಳಗಿನ ತಂತ್ರಾಂಶದಲ್ಲಿ, ನಾಳೆ ತೂತು ಕಂಡರೆ ತೇಪೆ ಹಾಕುವವರಿಲ್ಲ, ಕಂಪನಿಯವರು ಕೂತಲ್ಲಿಂದಲೇ ಸೆಟ್ಟಿಂಗ್ ಸರಿಮಾಡುತ್ತಿದ್ದ ಉಪಚಾರವೂ ಇಲ್ಲ.

ಮೊದಲು ಡಬ್ಬಿಯನ್ನು ಬೋರಲು ಹಾಕಿ ನೋಡಬೇಕು. ಬೆನ್ನಲ್ಲಿ ಫೈಬರಿನ, ಅಂದರೆ ಗಾಜಿನ ಎಳೆಯ, ತೂತಿಲ್ಲದೆ ಟೆಲಿಫೋನ್ ವೈರು ಸಿಕ್ಕಿಸುವ ಸಣ್ಣ ತೂತು ಮಾತ್ರ ಇದ್ದರೆ ಅದು ಟೆಲಿಫೋನಿನ ತಾಮ್ರದ ತಂತಿಯಲ್ಲೇ ನೆಟ್ಟು ತರುತ್ತಿದ್ದ ಕಾಲದ ಎಡಿಎಸ್‌ಎಲ್ ಮೋಡೆಮ್. ಎಡಿಎಸ್‌ಎಲ್ 2 ಪ್ಲಸ್ ಅಂದರೂ ಹೆಚ್ಚೆಂದರೆ 24 ಎಂಬಿಪಿಎಸ್ ವೇಗ, ಅದೂ ಟೆಲಿಫೋನ್ ಎಕ್ಸ್‌ಚೇಂಜಿನ ಮಗ್ಗುಲಲ್ಲೇ ಮನೆ ಇದ್ದರೆ. ನಾಲ್ಕು ಕಿಲೋಮೀಟರ್ ಆಚೆ ತೋಟದೊಳಗೆ ಇದ್ದವರಿಗೆ 2 ಸಿಕ್ಕರೆ ಹಬ್ಬ. ಫೈಬರ್ ಬಂದ ಊರಲ್ಲಿ ಈಗ ತಾಮ್ರ ಅಂದರೆ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತು ಮಾತ್ರ. ಇನ್ನು ಸೆಟ್ಟಿಂಗಿನಲ್ಲಿ ಡಬ್ಲ್ಯುಪಿಎ2 ಎಂಬ ವೈಫೈ ಬೀಗದ ಆಯ್ಕೆಯೇ ಇಲ್ಲದೆ ಬರೀ ಹಳೇ ಬೀಗ ಡಬ್ಲ್ಯುಇಪಿ ಇದ್ದರೆ ಚರ್ಚೆ ಬೇಡ, ಸೀದಾ ಅಟ್ಟಕ್ಕೆ. ಆ ಬೀಗ ಮುರಿಯುವ ದಾರಿ 2001ರಲ್ಲೇ ಬಯಲಾಗಿತ್ತು.

ಫೈಬರ್ ಡಬ್ಬಿಯ ಕಥೆ ಬೇರೆ. ಅದೇ ಮಾಡೆಲ್ಲು ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತಂದು ಸಿಕ್ಕಿಸಿದರೆ ಫೈಬರ್ ಸಂಪರ್ಕ ತೋರಿಸುವ ಪಾನ್ ದೀಪ ಮಿಟುಕುತ್ತಲೇ ಇರುತ್ತದೆ. ಅದರ ಸೀರಿಯಲ್ ನಂಬರು ಕಂಪನಿಯ ಪಟ್ಟಿಗೆ ಏರುವವರೆಗೂ ಅದು ಕರೆಯದೆ ಬಂದ ನೆಂಟ. ಫೈಬರ್ ವೈರಿನ ಹಸಿರು ತುದಿಯ ಪಿನ್ನನ್ನು ಡಬ್ಬಿಯ ನೀಲಿ ತೂತಿಗೆ ಒತ್ತಿದರೆ ಹೋಗುತ್ತದೆ, ಅದೇ ತೊಂದರೆ. ಹಸಿರಿನ ಗಾಜಿನ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದಕ್ಕೆ ಆ ಓರೆ ಇಲ್ಲ. ನಡುವೆ ಬೆಳಕು ಸೋರುತ್ತದೆ. ಒಳಬರುವ ಬೆಳಕಿನ ಬಲ, ಅದನ್ನಳೆಯುವ ಡಿಬಿಎಂ ಲೆಕ್ಕದಲ್ಲಿ, ಮೈನಸ್ 8ರಿಂದ ಮೈನಸ್ 27ರ ಒಳಗಿರಬೇಕು. ಮೈನಸ್ 27ಕ್ಕಿಂತ ಕೆಳಗಿಳಿದರೆ ಸಂಪರ್ಕ ತೂಕಡಿಸುತ್ತದೆ. ಬೆಳಕು ಬರುತ್ತಿಲ್ಲ ಎನ್ನುವ ಎಲ್‌ಓಎಸ್ ದೀಪ ಕೆಂಪಾಗಿ ಉರಿದರೆ ಡಬ್ಬಿಯನ್ನು ಬಡಿಯಬೇಡಿ, ತೋಟಕ್ಕೆ ಹೋಗಿ ತಲೆಯೆತ್ತಿ ನೋಡಿ. ಒಂದು ಅಡಿಕೆ ಸೋಗೆ ವೈರಿನ ಮೇಲೆ ಮಲಗಿರುತ್ತದೆ.

ವೈಫೈ ಹಂಚುವ ಹಳೇ ಡಬ್ಬಿಗೆ, ಅಂದರೆ ರೌಟರಿಗೆ, ಒಂದು ಮರ್ಯಾದೆಯ ಕೆಲಸ ಉಂಟು. ಹೊಸ ಡಬ್ಬಿ ಜಗಲಿಯಲ್ಲಿದ್ದರೆ ಒಂದೂವರೆ ಅಡಿ ದಪ್ಪದ ಜಂಬಿಟ್ಟಿಗೆ ಗೋಡೆ ದಾಟಿ ಅಡುಗೆಮನೆಗೆ ಸಿಗ್ನಲ್ ಹೋಗುವುದಿಲ್ಲ. ಡಬ್ಲ್ಯುಪಿಎ2 ಇರುವ ಹಳಬನನ್ನು ಅಲ್ಲಿ ಕೂರಿಸಬಹುದು. ಸೀರೆ ಪಿನ್ನಿನಿಂದ ರೀಸೆಟ್ ತೂತನ್ನು 10 ಸೆಕೆಂಡ್ ಒತ್ತಿ ಹಿಡಿಯಿರಿ, ಹಳೇ ನೆನಪೆಲ್ಲ ಅಳಿಯಲಿ. ಆಮೇಲೆ ಅದೊಂದನ್ನೇ ಲ್ಯಾಪ್‌ಟಾಪಿಗೆ ವೈರಿನಲ್ಲಿ ಜೋಡಿಸಿ ಅದರ ಸೆಟ್ಟಿಂಗ್ ಪುಟ ತೆರೆಯಿರಿ. ಮನೆಯ ನೆಟ್ಟಿನೊಳಗೆ ಹೊಸದರ ವಿಳಾಸ 192.168.1.1 ಆಗಿದ್ದರೆ ಹಳೆಯದಕ್ಕೆ 192.168.1.2 ಕೊಡಿ. ಹೊಸ ಡಬ್ಬಿ ಫೋನುಗಳಿಗೆ ಹಂಚುವ ವಿಳಾಸಗಳಲ್ಲಿ ಈ 192.168.1.2 ಇರಬಾರದು. ಹಳೆಯದರ ಈ ಹೊಸ ವಿಳಾಸದಲ್ಲಿ ಮತ್ತೆ ಒಳಗೆ ಹೋಗಿ ವೈಫೈ ಹೆಸರು, ಪಾಸ್‌ವರ್ಡ್ ಬರೆದು, ಕಟ್ಟಕಡೆಗೆ, ಫೋನುಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ಅದರಲ್ಲಿ ಆಫ್ ಮಾಡಿ. ಇದನ್ನು ಮೊದಲೇ ಆಫ್ ಮಾಡಿದವರಿಗೆ ಪುಟ ಮತ್ತೆ ತೆರೆಯದೆ, ಸೀರೆ ಪಿನ್ನು ಮತ್ತೆ ಬೇಕಾಗುತ್ತದೆ.

ಆಫ್ ಮಾಡುವುದನ್ನೇ ಮರೆತರೆ ಇನ್ನೂ ಚೆಂದ. ಮನೆಗೆ ಇಬ್ಬರು ಯಜಮಾನರಾಗಿ, ಇಬ್ಬರೂ ಬಂದ ಫೋನಿಗೆಲ್ಲ ವಿಳಾಸ ಹಂಚುತ್ತಾರೆ. ಹೊಸಬನ ಕೈಯಿಂದ ಪಡೆದ ಸೊಸೆಗೆ ಯೂಟ್ಯೂಬ್ ಓಡುತ್ತದೆ. ಹಳಬನ ಕೈಯಿಂದ ಪಡೆದ ಅತ್ತೆಗೆ ವೈಫೈ ಗೀಟು ಪೂರ್ತಿ, ಧಾರಾವಾಹಿ ಮಾತ್ರ ಗಿರಗಿರ. ಎರಡನ್ನೂ ಬೆಸೆಯುವ ಕೇಬಲ್ ಹೊಸದರ ಲ್ಯಾನ್ ತೂತಿನಿಂದ ಹಳೆಯದರ ಲ್ಯಾನ್ ತೂತಿಗೇ ಹೋಗಬೇಕು, ಹೊರಗಿನ ನೆಟ್ಟು ಬರುವ ವ್ಯಾನ್ ತೂತಿಗಲ್ಲ. ಈ ವಿಷಯದಲ್ಲಿ ಎಡಿಎಸ್‌ಎಲ್ ಮೋಡೆಮ್ಮೇ ಜಾಣ. ವ್ಯಾನ್ ತೂತೇ ಇಲ್ಲದ ಮೇಲೆ ತಪ್ಪುವುದೆಲ್ಲಿ? ವೇಗದ ಆಸೆ ಮಾತ್ರ ಬೇಡ. 150 ಎಂಬಿಪಿಎಸ್ ಎಂದು ಮೈಮೇಲೆ ಬರೆದುಕೊಂಡದ್ದು ಅದರರ್ಧ ಕೊಟ್ಟರೆ ಪುಣ್ಯ.

ಇಷ್ಟೆಲ್ಲ ಸರಿಮಾಡಿ ಸೋಲುವುದು ಅಡಾಪ್ಟರಿನ ಡ್ರಾಯರಿನಲ್ಲಿ. ಅಲ್ಲಿ ಏಳೆಂಟು ಕರಿ ಅಡಾಪ್ಟರುಗಳು ಒಂದಕ್ಕೊಂದು ಬಾಲ ಸುತ್ತಿಕೊಂಡು ಮಲಗಿರುತ್ತವೆ. ಯಾವುದು ಯಾರದ್ದೋ, ಪಿನ್ನು ಮಾತ್ರ ಎಲ್ಲದರದ್ದೂ ಒಂದೇ ಥರ. ವೋಲ್ಟು ಡಬ್ಬಿಯ ಮೇಲೆ ಬರೆದಷ್ಟೇ ಇರಬೇಕು, ಆಂಪಿಯರ್ ಅಷ್ಟು ಅಥವಾ ಹೆಚ್ಚಿರಬಹುದು. 9 ವೋಲ್ಟಿನ ಡಬ್ಬಿಗೆ 12 ಸಿಕ್ಕಿಸಿದರೆ ಸುಟ್ಟ ವಾಸನೆ ಬರಬಹುದು. 12 ವೋಲ್ಟು 1.5 ಆಂಪಿಯರ್ ಬೇಡುವುದಕ್ಕೆ 0.5 ಆಂಪಿಯರಿನದು ಸಿಕ್ಕಿಸಿದರೆ ಆಗುವುದು ಅದಕ್ಕಿಂತ ಕಿರಿಕಿರಿ: ದೀಪವೆಲ್ಲ ಹತ್ತುತ್ತದೆ, ನಾಲ್ಕು ಫೋನು ಸೇರಿದೊಡನೆ ಆರಿ ಮತ್ತೆ ಹತ್ತುತ್ತದೆ, ಬೈಗುಳ ಲೈನ್‌ಮ್ಯಾನಿಗೆ ಹೋಗುತ್ತದೆ. ಗುಡುಗಿನ ದಿನ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಫೈಬರಿನ ಗಾಜಿನಲ್ಲಿ ಸಿಡಿಲು ಹರಿಯುವುದಿಲ್ಲ, ಅದು ಬರುವುದು ಕರೆಂಟಿನ ದಾರಿಯಲ್ಲಿ.

ಹೊಸದಕ್ಕೆ ಹಳೇ ವೈಫೈ ಹೆಸರು, ಹಳೇ ಪಾಸ್‌ವರ್ಡನ್ನೇ ಇಟ್ಟರೆ ಮನೆಯ ಫೋನುಗಳಿಗೆ ಬದಲಾವಣೆಯ ಸುದ್ದಿಯೇ ತಿಳಿಯುವುದಿಲ್ಲ. ಬೀಗವನ್ನು ಡಬ್ಲ್ಯುಪಿಎ3 ಒಂದಕ್ಕೇ ಬಿಟ್ಟರೆ ಹಳೇ ಪ್ರಿಂಟರು, ಕೊಟ್ಟಿಗೆಯ ಕ್ಯಾಮೆರಾ ಮುನಿಸಿಕೊಳ್ಳುತ್ತವೆ. 2 ಮತ್ತು 3 ಕೂಡಿದ ಆಯ್ಕೆ ಇರಲಿ, ಹಳೇ ಉಪಕರಣಗಳು ಹಿಡಿಯುವ 2.4 ಗಿಗಾಹರ್ಟ್ಸ್ ವೈಫೈಯನ್ನು ಆಫ್ ಮಾಡಬೇಡಿ.

ಕಂಪನಿಯ ಸ್ವತ್ತಾದ ಡಬ್ಬಿಯನ್ನು ರೀಸೆಟ್ ಮಾಡಿ ಹಿಂದಿರುಗಿಸಿ, ಸೀರಿಯಲ್ ನಂಬರು ಬರೆದ ರಸೀದಿ ಇಸಿದುಕೊಳ್ಳಬೇಕು. ಡಿಪಾಸಿಟ್ಟು ವಾಪಸ್ಸು ಕೇಳಲು ಅದೇ ಆಧಾರ. ಲೈನ್‌ಮ್ಯಾನ್ ಡಬ್ಬಿಯನ್ನು ಚೀಲಕ್ಕೆ ಹಾಕಿ ಜಗಲಿಯಲ್ಲೇ ನಿಂತಿರುತ್ತಾನೆ.

"ಅದರ ಅಡಾಪ್ಟರೂ ಕೊಡಿ ಅಮ್ಮಾ."

"ಅಯ್ಯೋ, ಅದು ದೇವರ ಕೋಣೆ ದೀಪದ ಸರಕ್ಕೆ ಹಾಕಿದೀವಲ್ಲೋ ಮಾರಾಯಾ!"