ಬೂಟಿನೊಳಗಿನ ಕಲ್ಲು

ಮೊನ್ನೆ ರಾತ್ರಿ ‘ಕ್ರೊಯ್ಟ್ಸ್‌ವೇಗ್’ ಎಂಬ ಜರ್ಮನ್ ಸಿನಿಮಾ ನೋಡಿದೆ. 2014ರದು. ಹೆಸರನ್ನು ಕನ್ನಡಕ್ಕೆ ತಂದರೆ ನಮ್ಮ ಚರ್ಚಿನಲ್ಲಿ ಹೇಳುವ ‘ಶಿಲುಬೆಯ ಹಾದಿ’. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಲ್ಲಿ, ಶಿಲುಬೆ ಹೊತ್ತ ಯೇಸುವಿನ ಕೊನೆಯ ಪಯಣ ತೋರಿಸುವ ಗೋಡೆಯ ಮೇಲಿನ 14 ಚಿತ್ರಗಳ ಮುಂದೆ ಮಂಡಿಯೂರುತ್ತಾ ಬೆಳೆದವಳು ನಾನು. ನಿರ್ದೇಶಕ ಡೀಟ್ರಿಷ್ ಬ್ರ್ಯೂಗೆಮಾನ್ ಅದೇ ಲೆಕ್ಕ ಹಿಡಿದು ಇಡೀ ಕಥೆಯನ್ನು 14 ಶಾಟ್‌ಗಳಲ್ಲಿ ಹೇಳಿದ್ದಾರೆ. ಕ್ಯಾಮೆರಾ ಕದಲುವುದು ಮೂರೇ ಬಾರಿ. ತಂಗಿ ಆನಾ ಜೊತೆ ಬರೆದ ಚಿತ್ರಕಥೆಗೆ ಬರ್ಲಿನ್ ಚಿತ್ರೋತ್ಸವದಲ್ಲಿ ಬೆಳ್ಳಿ ಕರಡಿ ಪ್ರಶಸ್ತಿ ಬಂದಿತ್ತು.

ಕಥೆಯ ಹುಡುಗಿ ಮಾರಿಯಾಗೆ 14 ವರ್ಷ. 1960ರ ದಶಕದಲ್ಲಿ ಕ್ಯಾಥೊಲಿಕ್ ಚರ್ಚಿಗೆ ಹೊಸತನ ತಂದ ಎರಡನೇ ವ್ಯಾಟಿಕನ್ ಮಹಾಸಭೆಯ ಸುಧಾರಣೆಗಳನ್ನು ಒಪ್ಪದ, ಲ್ಯಾಟಿನ್ ಪೂಜೆಯನ್ನೇ ನಂಬಿದ ಕಟ್ಟಾ ಪಂಗಡದ ಮನೆ. ನಾಲ್ಕು ವರ್ಷದ ತಮ್ಮನಿಗೆ ಇನ್ನೂ ಮಾತು ಬಂದಿಲ್ಲ. ದೃಢೀಕರಣ ಎಂಬ ಸಂಸ್ಕಾರಕ್ಕೆ ಮಕ್ಕಳನ್ನು ಸಿದ್ಧಗೊಳಿಸಲು ಪಾಠ ಹೇಳುವ ಪಾದ್ರಿ ಕಿರುಚುವವನಲ್ಲ, ಹೊಡೆಯುವವನೂ ಅಲ್ಲ. ನೀವು ಕ್ರಿಸ್ತನ ಸೈನಿಕರು, ಸಣ್ಣಸಣ್ಣ ಆಸೆಗಳನ್ನು ಬಿಡುವುದೂ ದೇವರಿಗೆ ಅರ್ಪಣೆಯೇ ಎಂದು ನಗುನಗುತ್ತಾ ಹೇಳುವವನು. ಪಾಠ ಮುಗಿದ ಮೇಲೆ ಹುಡುಗಿ ಹಿಂದೆ ಉಳಿಯುತ್ತಾಳೆ. ಕಾಯಿಲೆಯವರಿಗಾಗಿ ನಮ್ಮನ್ನೇ ಅರ್ಪಿಸಿಕೊಳ್ಳಬಹುದೇ ಎಂದು ಕೇಳುತ್ತಾಳೆ. ನನಗೆ ಎದೆ ಝಲ್ಲೆಂದದ್ದು ಅಲ್ಲಿಯೇ. ಅವನಿಗೆ ಏನೂ ಅನಿಸುವುದಿಲ್ಲ. ಇಷ್ಟು ಒಳ್ಳೆಯ ಪ್ರಶ್ನೆ ಕೇಳುವ ವಿದ್ಯಾರ್ಥಿನಿ ಯಾವ ಮೇಷ್ಟರಿಗೆ ಬೇಡ?

ನನಗೆ ಹತ್ತು ವರ್ಷವಿದ್ದಾಗ ಒಂದು ತಪಸ್ಸುಕಾಲದಲ್ಲಿ ಬಲಗಾಲಿನ ಬೂಟಿನೊಳಗೆ ಮೂರು ಬೆಣಚುಕಲ್ಲು ಹಾಕಿಕೊಂಡು ಚರ್ಚಿಗೆ ನಡೆದಿದ್ದೆ. ಅಪ್ಪ ಕುಡಿತ ಬಿಡಬೇಕು ಎಂಬುದು ನನ್ನ ಮತ್ತು ದೇವರ ನಡುವಿನ ಒಪ್ಪಂದ. ಅಜ್ಜಿ ದಾರಿಯಲ್ಲಿಯೇ ನನ್ನ ಕುಂಟು ಗುರುತಿಸಿದಳು. ಮೋರಿಯ ಕಟ್ಟೆಯ ಮೇಲೆ ಕೂರಿಸಿ, ಬೂಟು ಕಳಚಿ, ಕಲ್ಲುಗಳನ್ನು ಚರಂಡಿಗೆ ಕೊಡವಿದಳು. “ನಿನ್ನ ಕಾಲಿನ ಬೊಬ್ಬೆಯಿಂದ ದೇವರಿಗೆ ಏನಾಗಬೇಕಿದೆ?” ಅಂದಳು. ನಾನು ಅತ್ತೆ, ಕಾಲು ನೋಯುತ್ತಿತ್ತು ಎಂದಲ್ಲ, ಒಪ್ಪಂದ ಮುರಿಯಿತಲ್ಲ ಎಂದು. ಅಜ್ಜಿ ದಿನಕ್ಕೆ ಎರಡು ಬಾರಿ ಜಪಸರ ಹೇಳುವವಳು, ಇದನ್ನು ನೆನಪಿಡಿ.

ಈ ಸಿನಿಮಾ ಧರ್ಮದ ವಿರುದ್ಧ ಎನ್ನುವವರ ಜೊತೆ ನನ್ನ ಜಗಳ ಇರುವುದು ಇಲ್ಲಿಯೇ. ಮಾರಿಯಾಳ ಮನೆಯಲ್ಲಿ ಬೆರ್ನಾಡೆಟ್ ಎಂಬ ಫ್ರೆಂಚ್ ಹುಡುಗಿಯಿದ್ದಾಳೆ, ಮಕ್ಕಳನ್ನು ನೋಡಿಕೊಳ್ಳಲು ಬಂದವಳು. ಅವಳಿಗೂ ದೇವರಲ್ಲಿ ಗಟ್ಟಿ ನಂಬಿಕೆ. ಆದರೂ ಆ ಮನೆಯಲ್ಲಿ ಮಾರಿಯಾಳನ್ನು ಕಣ್ಣಿಟ್ಟು ನೋಡುವವಳು ಅವಳೊಬ್ಬಳೇ. ಉಳಿದವರಿಗೆ ಹುಡುಗಿ ಜಾಕೆಟ್ ಬಿಟ್ಟು ಚಳಿ ಸಹಿಸುವುದಾಗಲಿ, ತಟ್ಟೆಯಲ್ಲಿ ಊಟ ಉಳಿಸುವುದಾಗಲಿ ಕಾಣುವುದಿಲ್ಲ. ಕಂಡರೂ ಅದು ಹಟವೆಂದೋ ಭಕ್ತಿಯೆಂದೋ ಕಾಣುತ್ತದೆ. ತಾಯಿಗೆ ಕಣ್ಣು ಕುಕ್ಕುವುದು ಬೇರೆಯೇ: ಮಗಳು ಬೇರೆ ಚರ್ಚಿನ ಗಾಯನ ತಂಡಕ್ಕೆ ಸೇರಬೇಕೆಂದಿದ್ದಾಳೆ, ಅಲ್ಲಿ ಗಾಸ್ಪೆಲ್ ಎಂಬ ಅಮೆರಿಕದ ಕರಿಯರ ಭಕ್ತಿಗೀತೆ ಹಾಡುತ್ತಾರಂತೆ. ಕಾರಿನೊಳಗಿನ ಆ ದೃಶ್ಯದಲ್ಲಿ ತಾಯಿಯ ಪಾತ್ರದ ಫ್ರಾನ್ಸಿಸ್ಕಾ ವೈಸ್ ಸಿಡಿಯುವಾಗ ನಾನು ಸೋಫಾದ ಮೇಲೆಯೇ ಮುದುಡಿಕೊಂಡೆ.

ಮುಂದಿನದನ್ನು ಹೇಳಿಬಿಡುತ್ತೇನೆ, ಕಥೆ ತಿಳಿಯುವುದು ಬೇಡ ಎನ್ನುವವರು ಇಲ್ಲಿಗೇ ನಿಲ್ಲಿಸಿ. ತಮ್ಮನಿಗೆ ಮಾತು ಬರಲೆಂದು ತನ್ನನ್ನೇ ಸವೆಸಿಕೊಂಡ ಮಾರಿಯಾ ಆಸ್ಪತ್ರೆಯಲ್ಲಿ, ಪರಮಪ್ರಸಾದದ ರೊಟ್ಟಿ ಸ್ವೀಕರಿಸುವ ಹೊತ್ತಿನಲ್ಲಿ ಸಾಯುತ್ತಾಳೆ. ಅದೇ ಹೊತ್ತಿಗೆ ತಮ್ಮ ಬಾಯಿ ಬಿಡುತ್ತಾನೆ. ಮೊದಲ ಮಾತು ಅವಳ ಹೆಸರು. ಇದು ಪವಾಡವೋ, ಕಾಕತಾಳೀಯವೋ? ಬ್ರ್ಯೂಗೆಮಾನ್ ಹೇಳುವುದಿಲ್ಲ. ಪವಾಡವೇ ಆಗಿದ್ದರೆ ನನಗೆ ಇನ್ನೂ ಭಯ. ಹಾಗಾದರೆ ಆ ಲೆಕ್ಕ ಸರಿ ಎಂದಾಯಿತಲ್ಲ, ಒಂದು ಮಗುವನ್ನು ತೆತ್ತು ಇನ್ನೊಂದು ಮಗುವಿನ ಮಾತು ಕೊಳ್ಳಬಹುದು ಎಂದಾಯಿತಲ್ಲ. ಅಂಥ ವ್ಯಾಪಾರ ಕುದುರಿಸುವ ದೇವರಿಗೆ ನನ್ನ ಅಜ್ಜಿ ಒಂದು ಮೇಣದಬತ್ತಿಯನ್ನೂ ಹಚ್ಚುತ್ತಿರಲಿಲ್ಲ.

ಕೊನೆಗೆ ಶವಪೆಟ್ಟಿಗೆ ಆರಿಸಲು ಹೋದಾಗ ತಾಯಿ ಮಗಳನ್ನು ಸಂತಳೆಂದೇ ಮಾತನಾಡುತ್ತಾಳೆ, ಮಾತನಾಡುತ್ತಲೇ ಇರುತ್ತಾಳೆ. ನಂತರ ಕುಸಿದು ಅಳುತ್ತಾಳೆ. ಪಕ್ಕದಲ್ಲಿ ಕುಳಿತ ತಂದೆ, ಸಿನಿಮಾದುದ್ದಕ್ಕೂ ಇದ್ದ ಹಾಗೆಯೇ, ಸುಮ್ಮನಿರುತ್ತಾನೆ.