ಕೂಲಿ ಕೇಳಿದವನಿಗೆ ದುರಾಸೆ ಅನ್ನಬೇಡಿ

ಬೆಳಿಗ್ಗೆಯಿಂದ ತಲೆ ಕೆಟ್ಟುಹೋಗಿದೆ. ಬರೆದು ಹಾಕದಿದ್ದರೆ ಸಮಾಧಾನ ಆಗುವುದಿಲ್ಲ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತು ಮಾಡಿಕೊಂಡು ಓದಿ.

ನಿನ್ನೆ ರಾತ್ರಿ ಯಾರೋ ಒಂದು ವಿಡಿಯೊ ತುಣುಕು ಹಾಕಿದ್ದರು. 2024ರ ಮಾರ್ಚ್ 8ರಂದು ರಿಯಾದ್‌ನಲ್ಲಿ ನಡೆದ ಬಾಕ್ಸಿಂಗ್ ಪಂದ್ಯದ್ದು. ಎರಡನೇ ಸುತ್ತು. ಆಂಥನಿ ಜೋಶುವಾ ಬಲಗೈ ಬೀಸುತ್ತಾನೆ, ಫ್ರಾನ್ಸಿಸ್ ಎನ್‌ಗಾನು ಅಂಗಾತ ಬೀಳುತ್ತಾನೆ, ಅಲ್ಲಿಗೆ ಮುಗಿಯಿತು. ಈ ಎನ್‌ಗಾನು ಯುಎಫ್‌ಸಿ ಅನ್ನೋ ಎಂಎಂಎ ಕಂಪನಿಯಲ್ಲಿ ಚಾಂಪಿಯನ್ ಆಗಿದ್ದು, ಅದನ್ನ ಬಿಟ್ಟು ಬಾಕ್ಸಿಂಗ್‌ಗೆ ಬಂದವನು. ಎಂಎಂಎ ಅಂದರೆ ಪಂಜರದೊಳಗೆ ಗುದ್ದು, ಒದೆ, ಕುಸ್ತಿ ಎಲ್ಲ ಸೇರಿಸಿ ಆಡುವ ಆಟ. ಕೆಳಗೆ ಬರೆದವರದ್ದೆಲ್ಲ ಒಂದೇ ರಾಗ. ದುಡ್ಡಿನ ಆಸೆಗೆ ಹೋದವನಿಗೆ ಹೀಗೇ ಆಗಬೇಕು. ಉಂಡ ಮನೆಗೆ ಎರಡು ಬಗೆದ. ಯುಎಫ್‌ಸಿಯಲ್ಲೇ ಇದ್ದಿದ್ದರೆ ರಾಜನ ಹಾಗೆ ಇರುತ್ತಿದ್ದ. ನಮ್ಮ ಬಳಗದವರೇ ಒಂದಿಬ್ಬರು ಅದಕ್ಕೆ ಹೌದೌದು ಅಂತ ತಲೆದೂಗಿದ್ದರು. ಅದು ಜಾಸ್ತಿ ನೋವಾಯಿತು.

ನನಗೆ ಈ ಎಂಎಂಎ ಹುಚ್ಚು ಎಷ್ಟಿದೆ ಅಂತ ನಿಮಗೆ ಗೊತ್ತೇ ಇದೆ. ಸೋತ ಆಟಗಾರನನ್ನ ಆಡಿಕೊಳ್ಳುವುದು ನನಗೆ ಹೊಸದಲ್ಲ, ಅದನ್ನ ಹೇಗೋ ನುಂಗಿಕೊಳ್ಳುತ್ತೇನೆ. ಸೋಲು ಸೋಲೇ. ಆದರೆ ಈ ಮನುಷ್ಯನಿಗೆ ದುರಾಸೆ ಅಂದರೆ ಮಾತ್ರ ನನ್ನಿಂದ ಸುಮ್ನೆ ಇರೋಕೆ ಆಗಲ್ಲ.

ಯಾರ ಬಗ್ಗೆ ಮಾತಾಡುತ್ತಿದ್ದೇವೆ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಕ್ಯಾಮರೂನ್‌ನ ಬಾಟಿಯೆ ಅನ್ನೋ ಊರು. 1986ರಲ್ಲಿ ಹುಟ್ಟಿದವನು. ಅಪ್ಪ ಅಮ್ಮ ಬೇರೆಯಾದ ಮೇಲೆ ನೆಂಟರ ಮನೆಯಲ್ಲಿ ಬೆಳೆದ. ಹುಡುಗನಾಗಿದ್ದಾಗಲೇ ಮರಳು ಗಣಿಗೆ ಇಳಿದು ಸಲಿಕೆ ಹಿಡಿದ. ಅಪ್ಪನಿಗೆ ಊರಲ್ಲಿ ಹೊಡೆದಾಟದವನು ಅನ್ನೋ ಕೆಟ್ಟ ಹೆಸರಿತ್ತು. ಮಗನನ್ನೂ ಜನ ಅದೇ ಕಣ್ಣಲ್ಲಿ ನೋಡುತ್ತಿದ್ದರು. ಅದೇ ತೋಳಿನ ಬಲವನ್ನ ಒಳ್ಳೇದಕ್ಕೆ ಬಳಸುತ್ತೇನೆ ಅಂತ ಹಟ ಹಿಡಿದು, 20 ದಾಟಿದ ಮೇಲೆ ಬಾಕ್ಸಿಂಗ್ ಕಲಿಯಲು ಶುರು ಮಾಡಿದ. ಬೇರೆ ಬಾಕ್ಸರ್‌ಗಳು ಆ ವಯಸ್ಸಿಗೆ ಅರ್ಧ ದಾರಿ ಸವೆಸಿರುತ್ತಾರೆ.

2012ರಲ್ಲಿ ಊರು ಬಿಟ್ಟ. ನೈಜರ್, ಸಹಾರಾ ಮರುಭೂಮಿ, ಅಲ್ಜೀರಿಯಾ, ಮೊರಾಕ್ಕೊ. ಒಂದು ವರ್ಷಕ್ಕೂ ಹೆಚ್ಚು ಕಾಲದ ದಾರಿ ಅದು. ಮೊರಾಕ್ಕೊದಲ್ಲಿ ಕಾಡಿನೊಳಗೆ ಅಡಗಿಕೊಂಡಿದ್ದು, ರಾತ್ರಿ ಗಾಳಿ ತುಂಬಿದ ದೋಣಿಯಲ್ಲಿ ಸ್ಪೇನ್ ಕಡೆ ಹೊರಡುವುದು, ಸಿಕ್ಕಿಬೀಳುವುದು, ಪೊಲೀಸರು ಹಿಡಿದು ಮರುಭೂಮಿಯಲ್ಲಿ ಬಿಟ್ಟುಬರುವುದು, ಮತ್ತೆ ನಡೆದು ವಾಪಸ್ ಬರುವುದು. ಮತ್ತೆ ದೋಣಿ. ಆ ದಿನಗಳ ಬಗ್ಗೆ ಅವನೇ ಒಂದು ಪಾಡ್‌ಕಾಸ್ಟ್‌ನಲ್ಲಿ ಹೇಳಿದ್ದಾನೆ. ಮಾರುಕಟ್ಟೆಯ ಕಸದ ರಾಶಿಯಲ್ಲಿ ಊಟ ಹುಡುಕುತ್ತಿದ್ದನಂತೆ. ಒಂದು ಟೊಮೇಟೊ ಸಿಕ್ಕರೆ ಅದರ ಮೇಲೆ ಇಲಿ ಕೂತಿರುತ್ತಿತ್ತಂತೆ. ಇದು ನಂದು, ನೀನು ಆಚೆ ಹೋಗು ಅಂತ ಆ ಇಲಿಯ ಜೊತೆ ಜಗಳಕ್ಕಿಳಿಯಬೇಕಿತ್ತಂತೆ. ನಾನು ಅದನ್ನ ಕೇಳುತ್ತಾ ಪಾಡ್‌ಕಾಸ್ಟ್ ನಿಲ್ಲಿಸಿ ಎದ್ದುಹೋಗಿದ್ದೆ. ಮುಂದೆ ಕೇಳಲು ಆಗಲಿಲ್ಲ ಆವತ್ತು.

ಕೊನೆಗೂ ಸ್ಪೇನ್ ತಲುಪಿದಾಗ ಅಲ್ಲಿ ಎರಡು ತಿಂಗಳು ಬಂಧನ. ಆಮೇಲೆ ಪ್ಯಾರಿಸ್. ಪರಿಚಯದವರು ಯಾರೂ ಇಲ್ಲ, ಮಲಗುವುದು ಪಾರ್ಕಿಂಗ್ ಜಾಗದಲ್ಲಿ. ಬಾಕ್ಸಿಂಗ್ ಜಿಮ್ ಹುಡುಕಿಕೊಂಡು ಹೋದವನ ಮೈಕಟ್ಟು ನೋಡಿ, ನೀನು ಎಂಎಂಎ ಆಡು ಅಂದರು ಅಲ್ಲಿನವರು. ಆ ಆಟದ ಹೆಸರೇ ಅವನಿಗೆ ಹೊಸದು. ಫರ್ನಾಂಡ್ ಲೋಪೆಜ್ ಅನ್ನೋ ಕೋಚ್ ಕೈಗೆ ಬಿದ್ದ. ಅದೇ ವರ್ಷ, 2013ರ ಕೊನೆಯಲ್ಲಿ ಮೊದಲ ವೃತ್ತಿಪರ ಪಂದ್ಯ. 2015ರ ಡಿಸೆಂಬರ್‌ನಲ್ಲಿ ಯುಎಫ್‌ಸಿ. ಎರಡೇ ವರ್ಷ! ಕುಸ್ತಿ, ನೆಲದ ಮೇಲೆ ಪಟ್ಟು ಹಾಕುವ ಜಿಜಿತ್ಸು ಏನೂ ಸರಿಯಾಗಿ ಬಾರದೆ ಬರೀ ಕೈ ಬಲದ ಮೇಲೆ ಆ ಪಂಜರದೊಳಗೆ ನಿಂತ.

ಆ ಕೊರತೆ ಒಂದು ದಿನ ಬಯಲಾಗಲೇಬೇಕಿತ್ತು. 2018ರ ಜನವರಿಯಲ್ಲಿ ಆಗಿನ ಚಾಂಪಿಯನ್ ಸ್ಟಿಪೆ ಮಿಯೊಚಿಚ್ ಇವನನ್ನ ಐದು ಸುತ್ತು ನೆಲಕ್ಕೆ ಒತ್ತಿ ಒತ್ತಿ ಉಸಿರು ಕಟ್ಟಿಸಿದ. ಮೂವರು ತೀರ್ಪುಗಾರರೂ ಕೊಟ್ಟಿದ್ದು 50-44, ಅಂದರೆ ಐದೂ ಸುತ್ತು ಮಿಯೊಚಿಚ್‌ಗೇ. ಮುಂದಿನ ಪಂದ್ಯದಲ್ಲಿ ಡೆರಿಕ್ ಲೂಯಿಸ್ ಎದುರು ಕೈ ಎತ್ತಲೂ ಹೆದರಿದವನ ಹಾಗೆ ನಿಂತು ಸೋತ. ಇವನ ಕತೆ ಮುಗಿಯಿತು ಅಂದರು ಎಲ್ಲರೂ. ಆಮೇಲೆ ನಾಲ್ಕು ಪಂದ್ಯ, ನಾಲ್ಕೂ ಗೆದ್ದ. 45 ಸೆಕೆಂಡು, 26 ಸೆಕೆಂಡು, 71 ಸೆಕೆಂಡು, 20 ಸೆಕೆಂಡು. ನಾಲ್ಕೂ ಸೇರಿಸಿದರೆ ಮೂರು ನಿಮಿಷ ಆಗುವುದಿಲ್ಲ. 2021ರ ಮಾರ್ಚ್‌ನಲ್ಲಿ ಅದೇ ಮಿಯೊಚಿಚ್‌ನನ್ನ ಎರಡನೇ ಸುತ್ತಲ್ಲಿ ಮಲಗಿಸಿ ಹೆವಿವೇಟ್, ಅಂದರೆ ಅತಿ ಭಾರದ ವಿಭಾಗದ, ಚಾಂಪಿಯನ್ ಆದ.

ಉಂಡ ಮನೆ ಅನ್ನುತ್ತೀರಲ್ಲ, ಆ ಮನೆಯ ಲೆಕ್ಕ ನೋಡೋಣ.

ಈ ಆಟಗಾರರು ಯಾರೂ ಕಂಪನಿಯ ನೌಕರರಲ್ಲ. ಗುತ್ತಿಗೆಯವರು. ತಿಂಗಳ ಸಂಬಳ ಇಲ್ಲ, ಪಿಂಚಣಿ ಇಲ್ಲ. ಕೆಳಗಿನ ಮಟ್ಟದ ಹೆಚ್ಚಿನವರ ಒಪ್ಪಂದ ಹೇಗಿರುತ್ತೆ ಅಂದರೆ, ಅರ್ಧ ದುಡ್ಡು ಪಂಜರಕ್ಕೆ ಇಳಿದಿದ್ದಕ್ಕೆ, ಇನ್ನರ್ಧ ಗೆದ್ದರೆ ಮಾತ್ರ. ಮೂರು ಸುತ್ತು ಸಮಸಮ ಹೊಡೆದಾಡಿ, ತೀರ್ಪುಗಾರರಲ್ಲಿ ಒಬ್ಬರು ಆ ಕಡೆ ವಾಲಿದರೆ ಅರ್ಧ ಸಂಪಾದನೆ ಹೋಯಿತು. ಬಂದಿದ್ದರಲ್ಲಿ ಕೋಚ್‌ಗೆ ಪಾಲು, ಮ್ಯಾನೇಜರ್‌ಗೆ ಪಾಲು, ತರಬೇತಿಯ ಖರ್ಚು, ಜೊತೆಯಲ್ಲಿ ಅಭ್ಯಾಸ ಮಾಡುವವರ ಖರ್ಚು, ತೆರಿಗೆ. ಮೊದಲೆಲ್ಲ ಚಡ್ಡಿಯ ಮೇಲೆ ಜಾಹೀರಾತು ಹಾಕಿಕೊಂಡು ನಾಲ್ಕು ಕಾಸು ಮಾಡಿಕೊಳ್ಳುತ್ತಿದ್ದರು. 2015ರಲ್ಲಿ ಎಲ್ಲರಿಗೂ ಒಂದೇ ಸಮವಸ್ತ್ರ ಬಂತು, ಪಂಜರದೊಳಗೆ ಸ್ವಂತ ಪ್ರಾಯೋಜಕರ ಹೆಸರು ಹಾಕಿಕೊಳ್ಳುವುದು ನಿಂತುಹೋಯಿತು. ಆ ದಾರಿಯೂ ಮುಚ್ಚಿತು.

ಇನ್ನೊಂದು ಕಡೆ ಕಂಪನಿ. 2016ರಲ್ಲಿ ಸುಮಾರು 400 ಕೋಟಿ ಡಾಲರ್‌ಗೆ ಮಾರಾಟವಾದ ಕಂಪನಿ ಅದು. ಆಟಗಾರರು 2014ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಹೊರಬಿದ್ದ ಲೆಕ್ಕದ ಪ್ರಕಾರ, ಕಂಪನಿಯ ಆದಾಯದಲ್ಲಿ ಹೊಡೆತ ತಿನ್ನುವವರಿಗೆ ಸಿಗುತ್ತಿದ್ದ ಪಾಲು ಐದರಲ್ಲಿ ಒಂದು ಭಾಗಕ್ಕೂ ಕಡಿಮೆ. ಅದೇ ಅಮೆರಿಕದ ಬ್ಯಾಸ್ಕೆಟ್‌ಬಾಲ್, ಫುಟ್‌ಬಾಲ್ ಆಟಗಾರರಿಗೆ ಹತ್ತಿರ ಹತ್ತಿರ ಅರ್ಧ ಸಿಗುತ್ತದೆ, ಯಾಕೆಂದರೆ ಅವರಿಗೆ ಸಂಘ ಇದೆ. ಆ ಮೊಕದ್ದಮೆ ಹತ್ತು ವರ್ಷ ಎಳೆದು, 37.5 ಕೋಟಿ ಡಾಲರ್ ಕೊಡಲು ಕಂಪನಿ ಒಪ್ಪಿತು. ಏನೂ ತಪ್ಪಿಲ್ಲದ ಕಡೆ ಯಾರಾದರೂ ಅಷ್ಟು ದುಡ್ಡು ಎಣಿಸುತ್ತಾರಾ? ಈಗ ಹೇಳಿ, ಯಾರು ಯಾರ ಮನೆಯಲ್ಲಿ ಉಂಡರು?

2022ರ ಜನವರಿ 22ರ ಪಂದ್ಯಕ್ಕೆ ಬರುತ್ತೇನೆ. ನನ್ನ ಪ್ರಕಾರ ಈ ಮನುಷ್ಯನ ಜೀವನವೆಲ್ಲ ಆ 25 ನಿಮಿಷದಲ್ಲಿ ಇದೆ. ಎದುರಾಳಿ ಸಿರಿಲ್ ಗಾನ್, ಪ್ಯಾರಿಸ್‌ನಲ್ಲಿ ಅದೇ ಲೋಪೆಜ್ ಕೈಯಲ್ಲಿ ಪಳಗಿದವನು, ಅಲ್ಲಿವರೆಗೂ ಸೋತೇ ಇಲ್ಲದವನು. ಎನ್‌ಗಾನುವಿನ ಒಪ್ಪಂದದಲ್ಲಿ ಅದು ಕೊನೆಯ ಪಂದ್ಯ. ಪಂದ್ಯಕ್ಕೆ ಮೂರು ವಾರ ಇರುವಾಗ ಮಂಡಿಯ ಲಿಗಮೆಂಟ್ ಹರಿದಿತ್ತು. ಹಿಂದೆ ಸರಿಯಬಹುದಿತ್ತು, ಸರಿಯಲಿಲ್ಲ. ಮೊದಲೆರಡು ಸುತ್ತು ಗಾನ್ ಸುತ್ತ ತಿರುಗುತ್ತಾ ಒದ್ದು ಒದ್ದು ಪಾಯಿಂಟ್ ಗಳಿಸಿದ. ಇವನ ಹೊಡೆತಗಳು ಗಾಳಿಗೆ ಹೋದವು. ಮೂರನೇ ಸುತ್ತಿನಲ್ಲಿ ಗಾನ್ ಒದೆಯಲು ಎತ್ತಿದ ಕಾಲನ್ನ ಹಿಡಿದು, ಅನಾಮತ್ತಾಗಿ ಎತ್ತಿ ನೆಲಕ್ಕೆ ಬಡಿದ. ನಾನು ಕೂತಲ್ಲಿಂದ ಎದ್ದು ಕೂಗಿದ್ದೆ. ನಾಲ್ಕು ವರ್ಷದ ಹಿಂದೆ ಯಾವ ಕುಸ್ತಿ ಬಾರದೆ ಸೋತಿದ್ದನೋ, ಅದೇ ಕುಸ್ತಿ! ಐದನೇ ಸುತ್ತಿನಲ್ಲಿ ಗಾನ್ ಇವನನ್ನೇ ಕೆಡವಿ, ಮೇಲೆ ಕೂತಿದ್ದವನು ಕಾಲಿನ ಪಟ್ಟು ಹಾಕಲು ಹೋದ. ಅದೂ ಹರಿದ ಮಂಡಿ ಇರುವವನ ಕಾಲಿಗೆ. ಎನ್‌ಗಾನು ಒದ್ದಾಡಿ ಬಿಡಿಸಿಕೊಂಡು ಮೇಲೆ ಬಂದು ಕೂತ, ಕೊನೆಯವರೆಗೂ ಇಳಿಯಲಿಲ್ಲ. ಮೂವರು ತೀರ್ಪುಗಾರರೂ ಇವನಿಗೇ ಕೊಟ್ಟರು.

ಅಷ್ಟಕ್ಕೆ ಪ್ರಕಟವಾದ ಸಂಭಾವನೆ 6 ಲಕ್ಷ ಡಾಲರ್. ದೊಡ್ಡ ಮೊತ್ತವೇ, ಇಲ್ಲ ಅನ್ನಲ್ಲ. ಆದರೆ ಬಾಕ್ಸಿಂಗ್‌ನ ಹೆವಿವೇಟ್ ಚಾಂಪಿಯನ್‌ಗಳು ಒಂದು ರಾತ್ರಿಗೆ ಕೋಟಿಗಟ್ಟಲೆ ಡಾಲರ್ ತೆಗೆದುಕೊಳ್ಳುವ ಕಾಲ ಇದು. ಕಂಪನಿಯ ಮುಖ್ಯಸ್ಥ ಡೇನಾ ವೈಟ್ ಆ ರಾತ್ರಿ ಗೆದ್ದವನಿಗೆ ಚಾಂಪಿಯನ್ ಬೆಲ್ಟ್ ಕಟ್ಟಲು ಪಂಜರದೊಳಗೆ ಬರಲಿಲ್ಲ. ತೆರೆಯ ಹಿಂದೆ ಬೇರೆ ಏನೋ ಕೆಲಸ ಇತ್ತು ಅಂತ ಆಮೇಲೆ ಹೇಳಿದರು. ನನಗೆ ಅದು ಇವತ್ತಿಗೂ ಒಪ್ಪಿಗೆ ಆಗಿಲ್ಲ.

ಒಪ್ಪಂದಕ್ಕೆ ಸಹಿ ಹಾಕಿದ್ದು ಅವನೇ ಅಲ್ವಾ ಅಂತ ನೀವು ಕೇಳಬಹುದು. ಹೌದು, ಅವನೇ. ಆದರೆ ಆವತ್ತು ಬೇರೆ ಬಾಗಿಲು ಎಷ್ಟಿದ್ದವು? ಸರಿಸಮ ನಿಲ್ಲುತ್ತಿದ್ದ ಪ್ರೈಡ್ ಸಂಸ್ಥೆಯನ್ನ 2007ರಲ್ಲಿ, ಸ್ಟ್ರೈಕ್‌ಫೋರ್ಸ್ ಸಂಸ್ಥೆಯನ್ನ 2011ರಲ್ಲಿ ಯುಎಫ್‌ಸಿ ಮಾಲೀಕರೇ ಕೊಂಡುಕೊಂಡಿದ್ದರು. ಮೇಲಾಗಿ ಚಾಂಪಿಯನ್ ಆದವನ ಒಪ್ಪಂದ ತಾನಾಗೇ ಮುಂದುವರಿಯುವ ಷರತ್ತು ಬೇರೆ. ಗೆದ್ದಷ್ಟೂ ಕಟ್ಟು ಬಿಗಿಯಾಗುತ್ತದೆ. ಇಷ್ಟಿದ್ದರೂ ಅವನು ಒಪ್ಪಂದ ಮುರಿಯಲಿಲ್ಲ. ಮಂಡಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಅವಧಿ ತೀರುವವರೆಗೂ ಒಂದೂ ಪಂದ್ಯ ಆಡದೆ ಕಾದ. ದ್ರೋಹ ಮಾಡುವವನು ಹೀಗೆ ಕಾಯುತ್ತಾನಾ?

ದುರಾಸೆ ಅನ್ನುವವರು ಇದನ್ನ ಗಮನವಿಟ್ಟು ಓದಿ. ಹೊಸ ಒಪ್ಪಂದಕ್ಕೆ ಒಪ್ಪಿದ್ದರೆ ಯುಎಫ್‌ಸಿ ಇತಿಹಾಸದಲ್ಲೇ ಅತಿ ಹೆಚ್ಚು ದುಡ್ಡು ಪಡೆಯುವ ಹೆವಿವೇಟ್ ಅವನಾಗುತ್ತಿದ್ದ. ಇದನ್ನ ಹೇಳಿದ್ದು ಡೇನಾ ವೈಟ್ ಅವರೇ. ಅಂದರೆ ದುಡ್ಡು ಮೇಜಿನ ಮೇಲಿತ್ತು. ಅವನು ಮುಟ್ಟಲಿಲ್ಲ. ಅವನು ಕೇಳಿದ್ದು ಆಟಗಾರರಿಗೆ ಆರೋಗ್ಯ ವಿಮೆ, ಆಡಳಿತದ ಸಭೆಯಲ್ಲಿ ಆಟಗಾರರ ಪರವಾಗಿ ಮಾತಾಡಲು ಒಬ್ಬ ವ್ಯಕ್ತಿ, ಸ್ವಂತ ಪ್ರಾಯೋಜಕರು, ಬಾಕ್ಸಿಂಗ್ ಆಡುವ ಸ್ವಾತಂತ್ರ್ಯ. ಮೊದಲ ಎರಡು ಬೇಡಿಕೆ ಅವನೊಬ್ಬನಿಗಲ್ಲ, ಎಲ್ಲರಿಗೂ. ಪಂದ್ಯದಲ್ಲಿ, ತರಬೇತಿಯಲ್ಲಿ ಆದ ಗಾಯಕ್ಕೆ 2011ರಿಂದ ವಿಮೆ ಇದೆ, ನಿಜ. ಆದರೆ ತಲೆಗೆ ಬಿದ್ದ ಹೊಡೆತದ ಬೆಲೆ ಆಟ ಬಿಟ್ಟು ಹತ್ತಾರು ವರ್ಷದ ಮೇಲೆ ಕೇಳಲು ಬರುತ್ತದೆ. ಆಗ ಯಾರು ನೋಡಿಕೊಳ್ಳುತ್ತಾರೆ?

ಈ ಭಾಗಕ್ಕೆ ಬಂದಾಗಲೆಲ್ಲ ನನ್ನ ದನಿ ಏರುತ್ತೆ, ಮನೆಯವರೂ ಬೈತಾರೆ. ಏರಲಿ. ಬರೀ ತನ್ನ ಜೇಬು ನೋಡಿಕೊಳ್ಳುವವನು ಸಹಿ ಹಾಕಿ, ದುಡ್ಡು ಎಣಿಸಿಕೊಂಡು ಹಾಯಾಗಿ ಇರುತ್ತಿದ್ದ.

2023ರ ಜನವರಿಯಲ್ಲಿ ಅವನನ್ನ ಬಿಟ್ಟುಕೊಟ್ಟಾಗ ಡೇನಾ ವೈಟ್ ಹೇಳಿದ ಇನ್ನೊಂದು ಮಾತು, ಇವನಿಗೆ ಅಪಾಯ ಕಡಿಮೆ ಇರುವ, ಕೆಳಮಟ್ಟದ ಎದುರಾಳಿಗಳು ಬೇಕು ಅಂತ. ಅದೇ ಅಕ್ಟೋಬರ್‌ನಲ್ಲಿ ಅವನು ಎದುರಿಸಿದ್ದು ಟೈಸನ್ ಫ್ಯೂರಿಯನ್ನ. ಸೋತೇ ಇರದ ಬಾಕ್ಸಿಂಗ್ ಚಾಂಪಿಯನ್. ಇವನಿಗೆ ಅದು ಮೊದಲ ವೃತ್ತಿಪರ ಬಾಕ್ಸಿಂಗ್ ಪಂದ್ಯ. ಮೂರನೇ ಸುತ್ತಿನಲ್ಲಿ ಎಡಗೈ ಹೊಡೆತಕ್ಕೆ ಫ್ಯೂರಿ ನೆಲಕ್ಕೆ ಕೂತ! ಹತ್ತು ಸುತ್ತು ಮುಗಿದು, ಮೂವರಲ್ಲಿ ಒಬ್ಬ ತೀರ್ಪುಗಾರರು ಎನ್‌ಗಾನುವೇ ಗೆದ್ದ ಅಂತ ಬರೆದರು, ಇಬ್ಬರು ಫ್ಯೂರಿಗೆ ಕೊಟ್ಟರು. ಆ ಪಂದ್ಯದ ತುಣುಕನ್ನ ಯಾಕೆ ಹಂಚುವುದಿಲ್ಲ ನೀವು?

ಜೋಶುವಾ ಎದುರು ಸೋತ ಮರು ತಿಂಗಳೇ ಅವನ 15 ತಿಂಗಳ ಮಗ ತೀರಿಕೊಂಡ. ಆ ಸುದ್ದಿ ಓದಿದ ದಿನ ನಾನು ಅತ್ತಿದ್ದೇನೆ, ಹೇಳಿಕೊಳ್ಳಲು ನಾಚಿಕೆ ಇಲ್ಲ. ಅದೇ ವರ್ಷ ಅಕ್ಟೋಬರ್ 19ಕ್ಕೆ ಮತ್ತೆ ಎಂಎಂಎ ಪಂಜರಕ್ಕೆ ಬಂದ, ಈ ಸಲ ಪಿಎಫ್‌ಎಲ್ ಅನ್ನೋ ಇನ್ನೊಂದು ಕಂಪನಿಯಲ್ಲಿ. ತನಗಿಂತ ಎತ್ತರದ ರೆನಾನ್ ಫೆರೇರಾನನ್ನ ಮೊದಲ ಸುತ್ತಲ್ಲೇ ಕೆಡವಿ ಮುಗಿಸಿದ. ಗೆದ್ದು ಮಗನ ಹೆಸರು ಹೇಳಿ ಅತ್ತ. 38 ವಯಸ್ಸು, ಎರಡೂಮುಕ್ಕಾಲು ವರ್ಷದ ಬಿಡುವು, ಆರು ತಿಂಗಳ ಹಿಂದೆ ಮಗು ಕಳೆದುಕೊಂಡ ಅಪ್ಪ.

ಪಿಎಫ್‌ಎಲ್ ಜೊತೆ ಅವನು ಮಾಡಿಕೊಂಡ ಒಪ್ಪಂದದಲ್ಲಿ ಒಂದು ಸಾಲು ಇತ್ತು, ಅದನ್ನ ಯಾರೂ ಹೇಳುವುದಿಲ್ಲ. ತನ್ನ ಎದುರು ನಿಲ್ಲುವವನಿಗೆ ಕನಿಷ್ಠ 20 ಲಕ್ಷ ಡಾಲರ್ ಕೊಡಬೇಕು ಅಂತ ಷರತ್ತು ಹಾಕಿದ್ದ. ತನಗೆ ಹೊಡೆಯಲು ಬರುವವನಿಗೆ! ದುಡ್ಡಿನ ಆಸೆಗೆ ಹೋದವನು ಎದುರಾಳಿಯ ಕೂಲಿಗೆ ಚೌಕಾಸಿ ಮಾಡಿದ್ದನ್ನ ನೀವು ಬೇರೆ ಎಲ್ಲಾದರೂ ನೋಡಿದ್ದೀರಾ? ಹುಟ್ಟೂರು ಬಾಟಿಯೆಯಲ್ಲಿ ಮಕ್ಕಳಿಗೆ ಜಿಮ್ ಕಟ್ಟಿಸಿದ್ದು ಬೇರೆ. ಅದರ ಬಗ್ಗೆ ಇನ್ನೊಂದು ದಿನ ಬರೆಯುತ್ತೇನೆ.

ಅಮೆರಿಕದಲ್ಲಿ ಬಾಕ್ಸರ್‌ಗಳಿಗೆ ಮಹಮ್ಮದ್ ಅಲಿ ಹೆಸರಿನ ಕಾನೂನು 2000ದಿಂದ ಇದೆ. ಪಂದ್ಯದಿಂದ ತನಗೆ ಎಷ್ಟು ಬಂತು ಅಂತ ಆಯೋಜಕ ಬಾಕ್ಸರ್‌ಗೆ ಲೆಕ್ಕ ತೋರಿಸಬೇಕು. ಎಂಎಂಎಗೆ ಅದು ಅನ್ವಯಿಸುವುದಿಲ್ಲ. ಅನ್ವಯಿಸಿ ಅಂತ 2016ರಲ್ಲಿ ಅಲ್ಲಿನ ಸಂಸತ್ತಿನಲ್ಲಿ ಮಸೂದೆ ತಂದಿದ್ದು ಮಾರ್ಕ್‌ವೇನ್ ಮಲಿನ್, ಅವರೂ ಹಿಂದೆ ಎಂಎಂಎ ಆಡಿದವರೇ. ಅದು ಪಾಸಾಗಲಿಲ್ಲ. ಹಾಗಾಗಿ ತನ್ನ ರಕ್ತ ಬಿದ್ದ ರಾತ್ರಿ ಎಷ್ಟು ಗಳಿಸಿಕೊಟ್ಟಿತು ಅಂತ ಕೇಳುವ ಹಕ್ಕೂ ಆಟಗಾರನಿಗೆ ಇಲ್ಲ. ಕೇಳಿದ ಒಬ್ಬನಿಗೆ ಸಿಕ್ಕ ಹೆಸರು ದುರಾಸೆಯವನು.

ಜೋಶುವಾ ಪಂದ್ಯಕ್ಕೆ ಅವನ ತಯಾರಿ ಸಾಲದು ಅನ್ನಿ, ಬಾಕ್ಸಿಂಗ್ ಅವನ ಆಟವಲ್ಲ ಅನ್ನಿ, ಕೂತು ಮಾತಾಡೋಣ, ನಾನೇ ನಿಮ್ಮ ಜೊತೆ ಅರ್ಧ ಒಪ್ಪುತ್ತೇನೆ. ಉಂಡ ಮನೆ, ದ್ರೋಹ, ದುರಾಸೆ ಅನ್ನುವವರು ಮಾತ್ರ ನನ್ನ ಗೋಡೆಯ ಮೇಲೆ ಬರೆಯಬೇಡಿ. ಅಳಿಸಿಹಾಕುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.